ಹದಿನಾಲ್ಕನೇ ನಂಬರಿನ ಗೋಡೆ

ಕಾರ್ಕಳ
12 ಜೂನ್ 2002

ಕಾಪುವಿನ ಕಡಲಂಚು ಮಹಿಳಾ ಮಂಡಳಿಯ ಸಭೆಗೆ,

ಸಭೆಯಲ್ಲಿ ಕುಳಿತಿರುವ ಎಲ್ಲ ಅಕ್ಕತಂಗಿಯರಿಗೆ ನಮಸ್ಕಾರ. ಎರಡು ಚಾಪೆ, ಒಂದು ಕತ್ತರಿಯಿಂದ ಆರಂಭಿಸಿ ಈ ಮಂಡಳಿಯನ್ನು ಇಪ್ಪತ್ತು ವರ್ಷ ನಡೆಸಿಕೊಂಡು ಬಂದ ಹಿರಿಯರಿಗೆ ನನ್ನ ಕೃತಜ್ಞತೆಗಳು. ಮೊಣಕಾಲಿನ ನೋವಿನಿಂದಾಗಿ ನಾನೇ ಬಂದು ಮಾತನಾಡುವಂತಿಲ್ಲ. ಕಾರ್ಯದರ್ಶಿಯವರು ಈ ಪತ್ರವನ್ನು ದಯವಿಟ್ಟು ಗಟ್ಟಿಯಾಗಿ ಓದಬೇಕು.

ಮೂವತ್ತೊಂದು ವರ್ಷ ಶಾಲೆಗಳಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ನನ್ನನ್ನು ನಿಮ್ಮ ಕ್ಯಾನ್ವಾಸ್ ಕಸೂತಿ ಸ್ಪರ್ಧೆಯ ತೀರ್ಪುಗಾರರಲ್ಲಿ ಒಬ್ಬಳನ್ನಾಗಿ ಮಾಡಿದ್ದೀರಿ. ಗೆದ್ದವರೇ ದಸರೆಯಿಂದ ಕಾಪುವಿನಲ್ಲಿ ತೆರೆಯುವ ಹೊಸ ತರಗತಿಯ ಶಿಕ್ಷಕಿಯಾಗುವರೆಂದು ತಿಳಿದು ಸಂತೋಷವಾಯಿತು. ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ನನಗೆ ಬಹಳ ಭರವಸೆಯಿದೆ. ಆದುದರಿಂದಲೇ ಕಳೆದ ವರ್ಷದ ಪ್ರದರ್ಶನವನ್ನು ನೆನೆದರೆ ಈಗಲೂ ವಾಕರಿಕೆ ಬರುತ್ತದೆ. ಇಪ್ಪತ್ತಾರು ಚೌಕಟ್ಟುಗಳಲ್ಲಿ ಹತ್ತೊಂಬತ್ತು ಹಂಸಗಳು! ಎಲ್ಲವೂ ಅಂಗಡಿಯವರು ಅಚ್ಚು ಹಾಕಿ ಮಾರಿದ ಕ್ಯಾನ್ವಾಸಿನವು. ಎಲ್ಲದರ ಕೊಕ್ಕೂ ಒಂದೇ ಕಿತ್ತಳೆ. ಉಳಿದ ಏಳರಲ್ಲಿ ಶೇಡೆಡ್ ನೂಲು. ಗುಲಾಬಿ, ನೇರಳೆ, ಹಸಿರು ಒಂದೇ ಎಳೆಯುದ್ದಕ್ಕೂ ಕಾರ್ಖಾನೆಯಲ್ಲೇ ಬಳಿದುಕೊಂಡು ಬರುವ ನೂಲು ಅದು. ಯಾರೋ ಅಗಿದ ತುತ್ತನ್ನು ನಮ್ಮ ಎಲೆಗೆ ಬಡಿಸಿದಂತೆ. ಅದನ್ನು ಬಾಯಿಗಿಟ್ಟುಕೊಂಡು ರುಚಿಯೆನ್ನುವವರನ್ನು ನೋಡಿ ನನಗೆ ಹೇಸಿಗೆಯಾಯಿತು.

ಈ ಸಲದ ನಿಯಮಗಳು ಇಷ್ಟೇ. ವಿನ್ಯಾಸ ಸ್ವಂತದ್ದಾಗಿರಬೇಕು. ಬಣ್ಣವನ್ನು ಕೈಯಿಂದಲೇ ಬೆರೆಸಬೇಕು. ಶೇಡೆಡ್ ನೂಲು ಕಂಡರೆ ತಿರಸ್ಕಾರ. ಕೆಲಸದ ಮೇಲೆ ಹೆಸರಿರದೆ ನಂಬರ್ ಮಾತ್ರ ಇರಬೇಕು. ಸ್ಪರ್ಧಿಗಳು ತೀರ್ಪುಗಾರರೊಂದಿಗೆ ಪತ್ರವ್ಯವಹಾರ ನಡೆಸಕೂಡದು. ಆಗಸ್ಟ್ ಇಪ್ಪತ್ತೈದರಂದು ತೀರ್ಪು.

ಇತಿ ನಿಮ್ಮ ವಿಶ್ವಾಸಿ,
ಕುಶಲಾ

*

ಪರ್ಕಳ
30 ಜೂನ್ 2002

ಪೂಜ್ಯ ಕುಶಲಾ ಟೀಚರಿಗೆ ನಾಗವೇಣಿಯ ನಮಸ್ಕಾರಗಳು.

ಸ್ಪರ್ಧೆಯ ನಿಯಮ ಓದಿದ್ದೇನೆ. ನಿಮಗೆ ಬರೆಯಬಾರದೆಂದು ಗೊತ್ತಿದೆ. ಆದರೆ ಪರ್ಕಳದ ಶಾಲೆಯಲ್ಲಿ ನನ್ನ ಕೈಗೆ ಮೊದಲು ಸೂಜಿ ಕೊಟ್ಟವರು ನೀವು. ಬೇರೆ ಯಾರನ್ನು ಕೇಳಲಿ? ಉತ್ತರಿಸಲೇಬೇಕೆಂದಿಲ್ಲ.

ನಾನು ಹೊಲಿಯುತ್ತಿರುವುದು ಒಂದು ಗೋಡೆ. ನಮ್ಮಪ್ಪ ಚಂದಪ್ಪ ಹನ್ನೆರಡು ವರ್ಷಗಳಿಂದ ಕೆತ್ತುತ್ತಿರುವ ಕೆಂಪು ಮುರಕಲ್ಲಿನ ಗೋಡೆ. ಗದಗದ ಕಡೆಯಿಂದ ಬಂದಾಗ ನನಗೆ ಆ ಕಲ್ಲು ಹುಳ ತಿಂದ ಹಾಗೆ ಕಾಣುತ್ತಿತ್ತು. ಈಗ ಅದರ ಒಂದೊಂದು ತೂತಿನಲ್ಲೂ ಬೇರೆ ಬೇರೆ ಬಣ್ಣ ಕಾಣುತ್ತದೆ: ಅರಿಸಿನ, ಇಟ್ಟಿಗೆ, ಒಣಗಿದ ರಕ್ತ, ಕೆಲವೆಡೆ ನೇರಳೆ. ಅಪ್ಪ ಬೇಸಿಗೆಯಲ್ಲಿ ಕಲ್ಲು ಕಡಿಯುವ ಕೋರೆಯಿಂದ ಚೂರುಗಳನ್ನು ತಂದುಕೊಟ್ಟಿದ್ದ. ಕ್ಯಾನ್ವಾಸಿನ ಪಕ್ಕ ಇಟ್ಟು ಹೋಲಿಸುತ್ತೇನೆ.

ಅವ್ವನಿಗೆ ಮಾತ್ರ ಸಮಾಧಾನವಿಲ್ಲ. "ಜಗತ್ತಿನ್ಯಾಗ ಹೂವು ಹಣ್ಣು ಇಲ್ಲೇನ? ಅಂವ ದಿನಾ ಕಲ್ಲ ಹೊರತಾನ, ನೀ ಮನ್ಯಾಗ ಕುಂತು ಕಲ್ಲ ಹೊಲಿತಿ. ನಮ್ಮ ಹಣ್ಯಾಗ ಬರೀ ಕಲ್ಲ ಬರದೈತೇನ?" ಎನ್ನುತ್ತಾಳೆ. ಅಪ್ಪ ನಗುತ್ತಾನೆ: "ಹೊಲೀಲಿ ಬಿಡ ಲಕ್ಕವ್ವ, ಆ ಕಲ್ಲ ಹಗೂರ ಐತಿ."

ಮಣಿಪಾಲದ ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಕೆಲಸ ಮುಂದುವರಿದಿದೆ. ಸೋಡಾಪುಡಿಯಿಂದ ಬೆರಳು ಒರಟಾಗಿ ನೂಲಿನ ಎಳೆ ಸಿಕ್ಕಿಕೊಳ್ಳುತ್ತದೆ. ಹುಡುಗರು ತಟ್ಟೆಯಲ್ಲೇ ಕೈ ತೊಳೆದು, ಅದರಲ್ಲೇ ಉಗುಳಿ ಏಳುತ್ತಾರೆ; ಆ ವಾಸನೆ ನೂಲಿಗೆ ತಗಲಬಾರದೆಂದು ಮೂರು ಸಲ ಸಾಬೂನು ಹಾಕಿ ಸೂಜಿ ಮುಟ್ಟುತ್ತೇನೆ. ಈ ತರಗತಿ ಸಿಕ್ಕಿದರೆ ಆ ತಟ್ಟೆಗಳಿಂದ ಬಿಡುಗಡೆ.

ನನ್ನ ತೊಡಕು ಇದು. ಗೋಡೆಯ ಮೇಲ್ಭಾಗ ಒಣಗಿದೆ, ಕೆಳಭಾಗ ನೆನೆದಿದೆ. ಎರಡರ ನಡುವೆ ನನ್ನ ಹೊಲಿಗೆಯಲ್ಲಿ ಗೆರೆ ಎದ್ದು ಕಾಣುತ್ತದೆ, ಎರಡು ಬಟ್ಟೆ ಜೋಡಿಸಿದ ಹಾಗೆ. ನಿಜವಾದ ಗೋಡೆಯಲ್ಲಿ ಅಂಥ ಗೆರೆಯೇ ಇಲ್ಲ.

ನಿಮ್ಮ ಶಿಷ್ಯೆ,
ನಾಗವೇಣಿ

*

ಕಾರ್ಕಳ
9 ಜುಲೈ 2002

ಪ್ರಿಯ ನಾಗವೇಣಿ,

ನಾನು ಈ ಪತ್ರವನ್ನು ಬರೆಯಬಾರದು. ನಿಯಮವನ್ನು ಬರೆದವಳೂ ನಾನೇ. ನಾಲ್ಕು ದಿನ ನಿನ್ನ ಪತ್ರವನ್ನು ಡಬ್ಬಿಯಲ್ಲಿ ಮುಚ್ಚಿಟ್ಟೆ. ಕೊನೆಗೆ, ಹಂಸಗಳ ಈ ಕಾಲದಲ್ಲಿ ಒಬ್ಬ ಹುಡುಗಿ ಗೋಡೆಯನ್ನು ನೋಡುತ್ತಿದ್ದಾಳೆಂಬ ಹಿಗ್ಗೇ ಗೆದ್ದಿತು.

ಕಸೂತಿ ನೂಲಿನಲ್ಲಿ ಆರು ಎಳೆಗಳಿರುತ್ತವೆ, ನಿನಗೆ ಗೊತ್ತು. ಒಣ ಕೆಂಪು ಮುಗಿಯುವಲ್ಲಿ ಸೂಜಿಗೆ ಐದು ಎಳೆ ಒಣ ಬಣ್ಣ, ಒಂದು ಎಳೆ ನೆನೆದ ಬಣ್ಣ ಪೋಣಿಸು. ಮುಂದಕ್ಕೆ ನಾಲ್ಕು ಮತ್ತು ಎರಡು. ಆಮೇಲೆ ಮೂರು, ಮೂರು. ಹೀಗೆ ಇಳಿಯುತ್ತ ಹೋಗು. ಎರಡು ಬಣ್ಣದ ಎಳೆಗಳ ಗೊಂಚಲನ್ನು ಹಾಗೆಯೇ ಸೇರಿಸಬೇಡ. ಹೊರಳಿಕೊಂಡು ಒಂದೇ ಬಣ್ಣ ಮೇಲೆ ಬರುತ್ತದೆ. ಆರೂ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಬೆರಳಿನಿಂದ ನೇವರಿಸಿ, ಮತ್ತೆ ಜೋಡಿಸು. ಸಾಲನ್ನು ನೇರ ನಿಲ್ಲಿಸದೆ ಅಲ್ಲಲ್ಲಿ ಒಂದೆರಡು ಹೊಲಿಗೆ ಕೆಳಕ್ಕೆ ಇಳಿಸು. ನೀರು ಸಾಲು ಹಿಡಿದು ಏರುವುದಿಲ್ಲ.

ನಮ್ಮ ಪರಿಚಯವನ್ನು ಯಾರಿಗೂ ಹೇಳಬೇಡ. ತೀರ್ಪಿನವರೆಗೆ ನನಗೆ ಬರೆಯಬೇಡ.

ಶುಭವನ್ನು ಹಾರೈಸುವ,
ಕುಶಲಾ ಟೀಚರ್

*

ಪರ್ಕಳ
2 ಸೆಪ್ಟೆಂಬರ್ 2002

ಪೂಜ್ಯ ಟೀಚರಿಗೆ,

ನನ್ನ ಕೆಲಸ ಹಿಂದಕ್ಕೆ ಬಂತು. ಹದಿನಾಲ್ಕನೇ ನಂಬರ್. ಕ್ಯಾನ್ವಾಸಿನ ಹಿಂಬದಿಯಲ್ಲಿ, ಹೊಲಿಗೆಯ ಮೇಲೆಯೇ, ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: "ಶೇಡೆಡ್ ನೂಲು. ತಿರಸ್ಕೃತ." ಶಾಯಿ ಹೊಲಿಗೆಯೊಳಕ್ಕೆ ಇಂಗಿ ಮುಂಬದಿಗೂ ಬಂದಿದೆ. ತೊಳೆಯದ ಕೈಯಲ್ಲಿ ಹಿಡಿದಿರಬೇಕು, ಒಂದು ಮೂಲೆಯಲ್ಲಿ ಯಾರದೋ ಬಜ್ಜಿಯ ಎಣ್ಣೆ. ಅದನ್ನು ಮುಟ್ಟಲು ನನಗೇ ಅಸಹ್ಯವಾಗುತ್ತಿದೆ.

ಟೀಚರ್, ನಲವತ್ತು ದಿನ ನಾನು ಬಿಡಿಸಿ ಜೋಡಿಸಿದ ಎಳೆಗಳು ಅವು. ನೀವು ಹೇಳಿದ ಐದು ಮತ್ತು ಒಂದು, ನಾಲ್ಕು ಮತ್ತು ಎರಡು. ಗೆರೆ ಕಾಣದಷ್ಟು ಚೆನ್ನಾಗಿ ಬಂದದ್ದೇ ತಪ್ಪಾಯಿತು. ಮೊದಲಿನ ಹಾಗೆ ಗೆರೆ ಉಳಿಸಿದ್ದರೆ ಕೈಕೆಲಸವೆಂದು ನಂಬುತ್ತಿದ್ದರೋ ಏನೋ.

ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಸುಳ್ಳ ಹೇಳ್ಯಾರ. ಇದು ನನ್ನ ಕಲ್ಲು, ನಾ ಗುರ್ತ ಹಿಡೀತೀನಿ," ಎಂದ. ಅವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು.

ಮೊದಲ ಬಹುಮಾನ ಮಣಿಪಾಲದಲ್ಲಿ ಕಸೂತಿ ಅಂಗಡಿ ಇಟ್ಟಿರುವ ವಿಜೇತಾ ಅವರ ತರಬೇತಿಯ ಹುಡುಗಿಗೆ. ಎರಡು ಹಂಸ, ಒಂದು ತಾವರೆ. ವಿಜೇತಾ ಅವರೂ ತೀರ್ಪುಗಾರರೆಂದು ಈಗ ತಿಳಿಯಿತು. ನಿಮ್ಮ ಮೊಣಕಾಲು ನೋವು ಹೆಚ್ಚಾಗಿ ನೀವು ಆ ದಿನ ಬಂದಿರಲಿಕ್ಕಿಲ್ಲ. ನೀವು ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅಪ್ಪನಿಗೂ ಹೇಳಿದ್ದೇನೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಶಿಷ್ಯೆ,
ನಾಗವೇಣಿ

*

ಕಾರ್ಕಳ
13 ಸೆಪ್ಟೆಂಬರ್ 2002

ಪ್ರಿಯ ನಾಗವೇಣಿ,

ಪತ್ರ ತಲುಪಿತು. ನೋವಿನ ಸಂಗತಿ. ಸ್ಪರ್ಧೆಗಳಲ್ಲಿ ಹೀಗಾಗುವುದುಂಟು. ನೀನು ಚಿಕ್ಕವಳು, ಮುಂದೆ ಬೇಕಾದಷ್ಟು ಅವಕಾಶಗಳಿವೆ. ಮುಂದಿನ ವರ್ಷ ಇನ್ನೊಂದು ವಿನ್ಯಾಸ ಮಾಡು. ಬಹುಶಃ ಸ್ವಲ್ಪ ತಿಳಿಯಾದ ಬಣ್ಣಗಳಲ್ಲಿ.

ನನ್ನ ಮೊಣಕಾಲು ಹಾಗೆಯೇ ಇದೆ. ಇಲ್ಲಿ ಮಳೆ ಕಡಿಮೆಯಾಗಿದೆ.

ಕುಶಲಾ

*

ಪರ್ಕಳ
29 ಸೆಪ್ಟೆಂಬರ್ 2002

ಪೂಜ್ಯ ಟೀಚರಿಗೆ,

ನಿಮ್ಮ ಪತ್ರ ಚಿಕ್ಕದಿತ್ತು. ನೋವಿನಿಂದ ಹೆಚ್ಚು ಬರೆಯಲಾಗಲಿಲ್ಲವೆಂದುಕೊಂಡೆ. ನೀವು ನೊಂದುಕೊಳ್ಳಬೇಡಿ.

ಮುಂದಿನ ವರ್ಷಕ್ಕೆ ನಾನು ಹೊಲಿಯುವುದಿಲ್ಲ. ನೂಲನ್ನೆಲ್ಲ ಪಕ್ಕದ ಮನೆಯ ಮಕ್ಕಳಿಗೆ ಗಾಳಿಪಟಕ್ಕೆ ಕೊಟ್ಟೆ. ಗೋಡೆಯನ್ನು ಅವ್ವ ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡಿದ್ದಾಳೆ. ದಪ್ಪ ಬಟ್ಟೆ, ಒಳ್ಳೆಯ ಉಪಯೋಗ. ನಿನ್ನೆ ಅದರ ಮೇಲೆ ಸಾರು ಚೆಲ್ಲಿತು. ಬಣ್ಣದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಅಷ್ಟು ಚೆನ್ನಾಗಿ ಬೆರೆತಿತ್ತು.

ಮೆಸ್ಸಿನವರು ನನ್ನನ್ನು ಎರಡೂ ಹೊತ್ತಿಗೆ ಬರಹೇಳಿದ್ದಾರೆ. ಹೋಗುತ್ತಿದ್ದೇನೆ.

ನಾಗವೇಣಿ

*

ಕಾರ್ಕಳ
6 ಅಕ್ಟೋಬರ್ 2002

ನಾಗವೇಣಿ,

ಆಗಸ್ಟ್ ಇಪ್ಪತ್ತೈದರಂದು ನಾನು ಕಾಪುವಿನಲ್ಲಿ ಇದ್ದೆ.

ನೀನು ಇದನ್ನು ನಿಂತುಕೊಂಡು ಓದುತ್ತಿದ್ದರೆ ಕುಳಿತುಕೋ. ಹದಿನಾಲ್ಕನೆಯದನ್ನು ಮೇಜಿನ ಮೇಲೆ ಇಟ್ಟ ಕ್ಷಣವೇ ನನಗೆ ತಿಳಿಯಿತು. ನೆನೆದ ಬಣ್ಣ ಸಾಲು ತಪ್ಪಿ ಮೇಲೇರಿದ ರೀತಿ ನೋಡಿ ನನ್ನ ಮೈ ಜುಮ್ಮೆಂದಿತು. ಇಡೀ ಜೀವಮಾನದಲ್ಲಿ ನನ್ನ ಯಾವ ವಿದ್ಯಾರ್ಥಿನಿಯೂ ಅಂಥದನ್ನು ಮಾಡಿದ್ದಿಲ್ಲ, ನಾನೂ ಮಾಡಿದ್ದಿಲ್ಲ.

ವಿಜೇತಾ ನಕ್ಕಳು. "ಇದು ಎಂತ, ಕಲ್ಲಾ? ಗೋಡೆ ನೋಡ್ಲಿಕ್ಕೆ ಚೌಕಟ್ಟು ಯಾಕೆ ಮಾರಾಯ್ರೆ, ಹೊರಗೆ ಬೇಕಾದಷ್ಟು ಉಂಟಲ್ಲ!" ಎಂದಳು. ಆಮೇಲೆ ಹತ್ತಿರ ತಂದು ನೋಡಿ, "ಇದು ಶೇಡೆಡ್ ನೂಲು. ಇಷ್ಟು ಸಲೀಸಾಗಿ ಕೈಯಲ್ಲಿ ಬರುವುದಿಲ್ಲ," ಎಂದಳು.

ಮೂರನೆಯ ತೀರ್ಪುಗಾರರು ಉಡುಪಿಯ ಟೈಲರ್ ಲಿಯೋನೆಲ್. ಅವರು ಕನ್ನಡಕ ಒರೆಸಿಕೊಂಡು, "ಹೌದೋ ಅಲ್ಲವೋ ಅಂತ ಜಗಳ ಯಾಕೆ? ಒಂದು ಹೊಲಿಗೆ ಬಿಚ್ಚಿದರೆ ಗೊತ್ತಾಗ್ತದೆ. ಟೀಚರ್, ನೀವು ಹೇಳಿ, ಬಿಚ್ಚುವುದಾ?" ಎಂದು ಕೇಳಿದರು.

ಅವರ ಕೈಯಲ್ಲಿ ಕತ್ತರಿಯಿತ್ತು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿದ್ದದ್ದು ನೀನಲ್ಲ, ಜುಲೈ ಒಂಬತ್ತರ ನನ್ನ ಪತ್ರ. ಇವಳ ಶಿಷ್ಯೆ, ಇವಳೇ ಹೇಳಿಕೊಟ್ಟದ್ದು, ನಿಯಮ ಬರೆದವಳೇ ಮುರಿದಳು ಎಂದು ನಾಳೆ ಕಟಪಾಡಿಯ ಬಸ್ಸಿನಲ್ಲಿ ಆಡಿಕೊಳ್ಳುತ್ತಾರೆ ಎಂಬ ಭಯ. ಮೂವತ್ತೊಂದು ವರ್ಷದ ನನ್ನ ಒಳ್ಳೆಯ ಹೆಸರು. ನಾನು ಹೇಳಿದೆ: "ವಿಜೇತಾ ಅವರಿಗೆ ಸಂಶಯವಿದ್ದರೆ ಸರಿ. ಬಿಚ್ಚಿ ಹಾಳುಮಾಡುವುದು ಬೇಡ."

ಕೆಂಪು ಶಾಯಿಯಲ್ಲಿ ಬರೆದವಳು ವಿಜೇತಾ. ಬರೆಯುವಾಗ ಕ್ಯಾನ್ವಾಸ್ ಜಾರದಂತೆ ಹಿಡಿದುಕೊಂಡವಳು ನಾನು. ಬಜ್ಜಿ ತಿಂದ ಕೈ ನನ್ನದು.

ಆ ಮೇಲೆ ನಿನಗೆ 'ತಿಳಿಯಾದ ಬಣ್ಣ' ಎಂದು ಉಪದೇಶವನ್ನೂ ಬರೆದೆನಲ್ಲ! ಆ ಶಬ್ದ ನೆನಪಾದಾಗಲೆಲ್ಲ ಬಾಯಿ ತೊಳೆದುಕೊಳ್ಳುವಂತಾಗುತ್ತದೆ. ಹಂಸಗಳ ಮೇಲೆ, ನೂಲಿನ ಮೇಲೆ ಎಷ್ಟು ಸುಲಭವಾಗಿ ಹೇಸಿಕೊಂಡಿದ್ದೆ. ಈಗ ನನ್ನ ಮೇಲೆಯೇ ನನಗೆ ಹೇಸಿಗೆ. ಕ್ಷಮೆ ಕೇಳುತ್ತೇನೆ, ಕೊಡಬೇಕೆಂಬ ಒತ್ತಾಯವಿಲ್ಲ.

ಕುಶಲಾ

*

ಪರ್ಕಳ
23 ಅಕ್ಟೋಬರ್ 2002

ಕುಶಲಾ ಅವರಿಗೆ,

ನಿಮ್ಮ ಪತ್ರವನ್ನು ಕುಳಿತೇ ಓದಿದೆ. ಮೆಸ್ಸಿನ ತಟ್ಟೆಗಳಲ್ಲಿ ಉಗುಳಿ ಹೋಗುವ ಹುಡುಗರನ್ನು ಕಂಡು ನಾನು ಹೇಸುತ್ತಿದ್ದೆ. ಅವರಿಗೆ ತಾವು ಏನು ಮಾಡುತ್ತೇವೆಂಬುದು ಗೊತ್ತಿಲ್ಲ. ನಿಮಗೆ ಗೊತ್ತಿತ್ತು.

ನೀವು ತಪ್ಪು ಒಪ್ಪಿದ್ದು ಅಂಟು ಹಾಕಿದ ಲಕೋಟೆಯೊಳಗೆ, ನನ್ನೊಬ್ಬಳ ಮುಂದೆ. ತಪ್ಪು ಮಾಡಿದ್ದು ಮೇಜಿನ ಮುಂದೆ. ಅಪ್ಪನಿಗೆ ಪತ್ರ ಓದಿ ಹೇಳಿದೆ. "ಟೀಚರ್ ಬಂದಿದ್ರೆ ಹಿಂಗ ಆಗತಿರಲಿಲ್ಲ ಅಂದಿದ್ದಿಯಲ್ಲ?" ಎಂದು ಒಂದೇ ಮಾತು ಕೇಳಿ ಹೊರಗೆ ಹೋದ. ಅವನಿಗೆ ನಾನು ನಿಮ್ಮ ಪರವಾಗಿ ಸುಳ್ಳು ಹೇಳಿದಂತಾಯಿತು. ಅದು ನನಗೆ ಎಲ್ಲಕ್ಕಿಂತ ಅಸಹ್ಯ.

ಬಹುಮಾನ ಕೊಡಿಸಿ ಎಂದು ಕೇಳುತ್ತಿಲ್ಲ. ಕನಿಕರದ ಮಾತೂ ಬೇಡ. ನವೆಂಬರ್ ಹತ್ತರಂದು ಮಂಡಳಿಯ ಸಭೆ ಇದೆಯಂತೆ. ಅಲ್ಲಿ ಎಲ್ಲರ ಮುಂದೆ ಗೋಡೆಯನ್ನು ಬಿಚ್ಚಿ. ನನಗೆ ಬರೆದದ್ದನ್ನೆಲ್ಲ ಅಲ್ಲಿಯೂ ಹೇಳಿ, ಜುಲೈ ಪತ್ರವನ್ನೂ ಸೇರಿಸಿ. ಅದಕ್ಕಾಗಿ ನನ್ನನ್ನು ಅನರ್ಹಳೆಂದರೆ ಅನ್ನಲಿ. ನಿಯಮ ಮುರಿದವರಲ್ಲಿ ನಾನೂ ಒಬ್ಬಳು. ಆದರೆ ಕೈಕೆಲಸವನ್ನು ಕೈಕೆಲಸವೆನ್ನಬೇಕು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಅಪ್ಪ ಕಟಪಾಡಿ ಬಸ್‌ಸ್ಟಾಪಿನಲ್ಲಿ ನಿಮಗೆ ಚೀಲ ಕೊಡುತ್ತಾನೆ. ಪಾತ್ರೆಯ ಕಲೆ ಇದೆ. ತೊಳೆದಿಲ್ಲ.

ನಾಗವೇಣಿ

*

ಕಾರ್ಕಳ
11 ನವೆಂಬರ್ 2002

ನಾಗವೇಣಿ,

ನಿನ್ನೆ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಿನ್ನ ತಂದೆ ಹತ್ತಕ್ಕೆ ಮುಂಚೆಯೇ ಬಂದು ನಿಂತಿದ್ದರು. ಚೀಲ ಕೊಟ್ಟು, "ಮಗಳು ಬಾಳ ಸಿಟ್ಟಿಗೆದ್ದಾಳ್ರಿ," ಎಂದರು. ಸ್ವಲ್ಪ ತಡೆದು, "ಟೀಚರ, ನಾಷ್ಟಾ ಆತೇನು?" ಎಂದು ಕೇಳಿದರು. ಬೈದಿದ್ದರೆ ಬಸ್ಸು ಹತ್ತುವುದು ಸುಲಭವಾಗುತ್ತಿತ್ತು.

ಸಭೆಯಲ್ಲಿ ನಲವತ್ತು ಮಂದಿ. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಜುಲೈ ಪತ್ರದಿಂದ ಬಜ್ಜಿಯವರೆಗೆ. "ಮುಗಿದ ವಿಷಯ ಎಂತಕ್ಕೆ ಕೆದಕುವುದು? ತರಗತಿ ಶುರುವಾಗಿ ತಿಂಗಳಾಗ್ತಾ ಬಂತು," ಎಂದಳು ವಿಜೇತಾ. ಗೋಡೆಯನ್ನು ಮೇಜಿನ ಮೇಲೆ ಹರಡಿದಾಗ ಪಾತ್ರೆಯ ಕಪ್ಪು ವೃತ್ತ ನೋಡಿ ಯಾರೋ "ಛೀ" ಎಂದರು. ಆ 'ಛೀ'ಯನ್ನು ನಾನು ಮೇಲೆತ್ತಿ ನನಗೇ ಇಟ್ಟುಕೊಂಡೆ.

ಎಡ ಅಂಚಿನಲ್ಲಿ, ಒಣ ಬಣ್ಣ ನೆನೆದ ಬಣ್ಣಕ್ಕೆ ಇಳಿಯುವಲ್ಲಿ, ಹನ್ನೆರಡು ಹೊಲಿಗೆ ಬಿಚ್ಚಿದೆ. ಬಿಚ್ಚಿದ ಪ್ರತಿಯೊಂದನ್ನು ಲಿಯೋನೆಲ್ ಬಿಳಿ ಕಾಗದದ ಮೇಲೆ ಬಿಡಿಸಿಟ್ಟು, ಗಟ್ಟಿಯಾಗಿ ಎಣಿಸಿದರು: "ಎರಡು ಕೆಂಪು, ನಾಲ್ಕು ಕಂದು. ಇದು ಒಂದು ಕೆಂಪು, ಐದು ಕಂದು. ಇದರಲ್ಲಿ ನೋಡಿ, ನೇರಳೆಯ ಎಳೆ ಒಂದು ಉಂಟು!" ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮೇಜಿನ ಸುತ್ತ ಬಂದರು. ವಿಜೇತಾಳೂ ಬಂದಳು, ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಕಾಗದದ ಮೇಲೆ ಇಟ್ಟು ಹೋಗಿ ಕುಳಿತಳು.

ಮಂಡಳಿಯ ತೀರ್ಮಾನ: ಪತ್ರವ್ಯವಹಾರ ನಡೆದಿರುವುದರಿಂದ ಬಹುಮಾನವಿಲ್ಲ. ಕೆಲಸ ಕೈಯಿಂದಲೇ ಮಾಡಿದ್ದೆಂದು ದಾಖಲಿಸಲಾಗಿದೆ. ತರಗತಿ ವಿಜೇತಾಳ ಹುಡುಗಿಯಲ್ಲೇ ಉಳಿಯುತ್ತದೆ. ನನ್ನನ್ನು ತೀರ್ಪುಗಾರರ ಪಟ್ಟಿಯಿಂದ ತೆಗೆದಿದ್ದಾರೆ. ನಿನಗೆ ನಾನು ತರಗತಿಯನ್ನು ಗೆದ್ದು ತರಲಿಲ್ಲ.

ಇನ್ನೊಂದು ಸಂಗತಿ. ಹೊರಡುವಾಗ ಮಂಡಳಿಯ ಹಿರಿಯ ಸದಸ್ಯೆ ಪ್ರಫುಲ್ಲಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. "ಹಂಸ ಹೊಲಿದು ಹೊಲಿದು ನನಗೆ ಓಕರಿಕೆ ಬಂದಿದೆ ಟೀಚರ್ರೇ. ಅರುವತ್ತು ವರ್ಷದಲ್ಲಿ ಕಾಪುವಿನಲ್ಲಿ ಒಂದು ಹಂಸ ನಾನು ಕಂಡದ್ದಿಲ್ಲ. ನಮ್ಮ ಮನೆಯ ಹಿಂದೆ ಬಲೆ ಒಣಗ್ಲಿಕ್ಕೆ ಹಾಕ್ತಾರೆ, ಅದರ ನೀಲಿ ಎಷ್ಟು ತರ ಉಂಟು! ಆ ಹುಡುಗಿ ಎಲ್ಲಿಯವಳು? ನಮಗೆ ಹೇಳಿಕೊಟ್ಟಾಳಾ?" ಎಂದು ಕೇಳಿದರು. ಅವರ ಹಿಂದೆ ಇನ್ನೂ ಆರು ಮಂದಿ ನಿಂತಿದ್ದರು. ನಿನ್ನ ಪರವಾಗಿ ಹೌದೆನ್ನುವ ಅಧಿಕಾರ ನನಗಿಲ್ಲ. ವಿಳಾಸ ಮಾತ್ರ ಕೊಟ್ಟೆ.

ಬಿಚ್ಚಿದ ಜಾಗವನ್ನು ಹೊಲಿಯದೆ ಗೋಡೆಯನ್ನು ಈ ಪತ್ರದ ಜೊತೆಗೇ ಹಿಂದಕ್ಕೆ ಕಳುಹಿಸುತ್ತಿದ್ದೇನೆ. ನಿನ್ನನ್ನು ಕೇಳದೆ ಇನ್ನು ಮುಟ್ಟುವುದಿಲ್ಲ.

ಕುಶಲಾ

*

ಪರ್ಕಳ
24 ನವೆಂಬರ್ 2002

ಕಾಪುವಿನಿಂದ ಬರಲಿರುವ ಪ್ರಫುಲ್ಲಕ್ಕ ಮೊದಲಾದ ಏಳು ಮಂದಿಗೆ, ಮತ್ತು ಎಂಟನೆಯವರಾದ ಕುಶಲಾ ಟೀಚರಿಗೆ,

ಎಲ್ಲರಿಗೂ ಒಂದೇ ಪತ್ರ ಬರೆಯುತ್ತಿದ್ದೇನೆ, ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದೆ ಇರಬಾರದೆಂದು. ನನಗಿಂತ ಹಿರಿಯರಿಗೆ ಹೇಳಿಕೊಡುವ ಅಭ್ಯಾಸ ನನಗಿಲ್ಲ. ತಪ್ಪಾದರೆ ಅಲ್ಲಿಯೇ ಹೇಳಿ.

ಡಿಸೆಂಬರ್ ಒಂದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ನಮ್ಮ ಬಾಡಿಗೆ ಕೋಣೆಯಲ್ಲಿ ಎಂಟು ಮಂದಿ ಹಿಡಿಸುವುದಿಲ್ಲ, ಜಗಲಿಯಲ್ಲಿ ಕೂರಬೇಕು. ಅಪ್ಪ ಎಂಟು ಮುರಕಲ್ಲು ಕೆತ್ತಿ ಇಟ್ಟಿದ್ದಾನೆ, ಕುಳಿತುಕೊಳ್ಳಲು. ಅವ್ವ, "ಬರೋ ಮಂದಿಗೂ ಕಲ್ಲ ಕೊಡ್ತೀರೇನ?" ಎಂದು ಬೈದು, ಅವುಗಳ ಮೇಲೆ ಹಾಸಲು ಗೋಣಿ ಹುಡುಕುತ್ತಿದ್ದಾಳೆ. ಭಾನುವಾರ ಮೆಸ್ಸಿಗೆ ಬರುವುದಿಲ್ಲವೆಂದು ಹೇಳಿದ್ದೇನೆ. ಉಳಿದ ದಿನಗಳದ್ದು ಮುಂದೆ ನೋಡೋಣ.

ಇಲ್ಲಿ ತೀರ್ಪುಗಾರರಿಲ್ಲ. ಯಾರ ಕೆಲಸದ ಬಗ್ಗೆ ಸಂಶಯ ಬಂದರೂ, ನನ್ನದಾದರೂ, ಒಂದು ಹೊಲಿಗೆ ಬಿಚ್ಚಿ ನೋಡಬೇಕು. ಗೊತ್ತಿದ್ದವರು ಬಾಯಿ ಬಿಟ್ಟು ಹೇಳಬೇಕು.

ನನ್ನ ನೂಲೆಲ್ಲ ಗಾಳಿಪಟಕ್ಕೆ ಹೋಗಿದೆ, ಎಲ್ಲರೂ ಒಂದೆರಡು ಲಚ್ಚಿ ಕಸೂತಿ ನೂಲು ತನ್ನಿ. ಪ್ರಫುಲ್ಲಕ್ಕ, ನೀವು ಬಲೆಯ ಒಂದು ತುಂಡೂ ತನ್ನಿ. ಉಳಿದವರು ಮನೆಯ ಹತ್ತಿರ ದಿನಾ ಕಾಣುವ ಯಾವುದಾದರೂ ಒಂದು ವಸ್ತು ತನ್ನಿ. ಮೀನಿನ ವಾಸನೆ ಇದ್ದರೂ ಅಡ್ಡಿಯಿಲ್ಲ. ಹಂಸ ಬೇಡ.

ಟೀಚರ್, ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಹೋಗುವವರೆಗೆ ಕಾಯುತ್ತ ಕುಳಿತರೆ ಕೆಲಸ ನಿಲ್ಲುತ್ತದೆ. ನೀವು ಬಿಚ್ಚಿದ ಹನ್ನೆರಡು ಹೊಲಿಗೆಗಳ ಜಾಗ ಹಾಗೆಯೇ ಇದೆ. ಅದನ್ನು ತುಂಬುವವರು ನೀವು, ಎಲ್ಲರ ಮುಂದೆ. ಬಣ್ಣ ಹೊಂದದಿದ್ದರೆ ಬಿಚ್ಚಿಸುತ್ತೇನೆ, ಹೊಂದುವವರೆಗೂ.

ಬಸ್ಸು ತಡವಾಯಿತೆಂದು ಹೇಳದೆ ಎಲ್ಲರೂ ಬೇಗ ಬನ್ನಿ. ಕೈ ತೊಳೆದು, ಕುಳಿತು, ಮೊದಲ ಲಚ್ಚಿಯನ್ನು ಬಿಚ್ಚಿ ಆರು ಎಳೆ ಬಿಡಿಸಲು ತೊಡಗೋಣ.

ನಾಗವೇಣಿ